ಇಳಿಯುವ ಹೊತ್ತಿನ ಎಚ್ಚರ

ಆಕಾಶದಲ್ಲಿ ನೂರಾರು ಮೈಲಿ ಸಾಗಿಬರುವ ವಿಮಾನಕ್ಕೆ ಹೆಚ್ಚು ಎಚ್ಚರ ಬೇಕಾದ ಹೊತ್ತು ಯಾವುದು? ಮೋಡಗಳಾಚೆ ನೇರವಾಗಿ ಹಾರುತ್ತಿರುವಾಗ ಚಾಲಕರಿಗೆ ತುಸು ಬಿಡುವು ಇರುತ್ತದೆ. ನೆಲದತ್ತ ಇಳಿಯತೊಡಗಿದೊಡನೆ ಕೆಲಸದ ಮೇಲೆ ಕೆಲಸ ಬಂದೊದಗುತ್ತದೆ. ವೇಗವನ್ನು ತಗ್ಗಿಸಬೇಕು, ಚಕ್ರಗಳನ್ನು ಕೆಳಗಿಳಿಸಬೇಕು, ನಿಯಂತ್ರಣ ಕೇಂದ್ರದ ಸೂಚನೆಗಳನ್ನು ಆಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೆಲ ಇನ್ನೆಷ್ಟು ಕೆಳಗಿದೆಯೆಂಬುದನ್ನು ಕ್ಷಣಕ್ಷಣಕ್ಕೂ ಅರಿತಿರಬೇಕು. ಆಗ ಗಮನ ಬೇರೆಡೆಗೆ ಹರಿದರೆ ಏನಾಗುತ್ತದೆಂಬುದನ್ನು ಅಮೆರಿಕದಲ್ಲಿ ನಡೆದ ಎರಡು ದುರಂತಗಳು ತಿಳಿಸುತ್ತವೆ.

1972ರ ಡಿಸೆಂಬರ್ 29ರ ರಾತ್ರಿ. ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯ ವಿಮಾನವೊಂದು 176 ಮಂದಿಯನ್ನು ಹೊತ್ತು ನ್ಯೂಯಾರ್ಕಿನಿಂದ ಮಯಾಮಿ ನಗರಕ್ಕೆ ಬಂದಿತ್ತು. ಇಳಿಯಲು ಚಕ್ರಗಳನ್ನು ಕೆಳಗೆ ಬಿಟ್ಟಾಗ, ಮುಂದಿನ ಚಕ್ರ ಸರಿಯಾಗಿ ನಿಂತಿದೆಯೆಂದು ತೋರಿಸಬೇಕಾದ ಪುಟ್ಟ ದೀಪ ಹೊತ್ತಲಿಲ್ಲ. ಚಾಲಕರು ವಿಮಾನವನ್ನು 2,000 ಅಡಿಗಳ ಎತ್ತರಕ್ಕೆ ಒಯ್ದು, ಅದನ್ನು ಸ್ವಯಂಚಾಲನ ಯಂತ್ರಕ್ಕೆ ಒಪ್ಪಿಸಿ, ದೀಪವನ್ನು ಪರೀಕ್ಷಿಸತೊಡಗಿದರು. ಒಬ್ಬರು ಅದನ್ನು ಕಳಚಲು ಯತ್ನಿಸಿದರು, ಮತ್ತೊಬ್ಬರು ಸಲಹೆಯಿತ್ತರು, ಇನ್ನೊಬ್ಬರು ಚಕ್ರವನ್ನೇ ನೋಡಿಬರಲು ಕೆಳಗಿಳಿದರು. ಈ ನಡುವೆ ಯಂತ್ರದ ಹಿಡಿತ ತಪ್ಪಿ ವಿಮಾನ ಮೆಲ್ಲಮೆಲ್ಲನೆ ಇಳಿಯತೊಡಗಿತು. ಎಚ್ಚರಿಕೆಯ ನಾದ ಮೊಳಗಿದರೂ ಯಾರೂ ಅದಕ್ಕೆ ಕಿವಿಗೊಡಲಿಲ್ಲ. ವಿಮಾನದ ಎತ್ತರ ಕಡಿಮೆಯಾಗಿರುವುದು ನಿಯಂತ್ರಕನಿಗೆ ರಾಡಾರಿನಲ್ಲಿ ಕಂಡಿತು. ಆತ ಕೆಲಸ ಹೇಗೆ ಸಾಗಿದೆಯೆಂದು ವಿಚಾರಿಸಿದನೇ ಹೊರತು ಎತ್ತರದ ಮಾತೆತ್ತಲಿಲ್ಲ. ಕೆಳಗೆ ದೀಪಗಳಿಲ್ಲದ ಜೌಗುನಾಡು, ಸುತ್ತಲೂ ಕತ್ತಲೆ. ವಿಮಾನ ಅಲ್ಲಿ ನೆಲಕ್ಕಪ್ಪಳಿಸಿ 101 ಜನ ಪ್ರಾಣ ಕಳೆದುಕೊಂಡರು. ಚಕ್ರದಲ್ಲಿ ಯಾವ ದೋಷವೂ ಇರಲಿಲ್ಲ. ಕೆಟ್ಟಿದ್ದುದು ದೀಪ ಮಾತ್ರ!

1974ರ ಸೆಪ್ಟೆಂಬರ್ 11ರಂದು ಅದೇ ಸಂಸ್ಥೆಯ ಇನ್ನೊಂದು ವಿಮಾನ ಷಾರ್ಲಟ್ ನಗರದಲ್ಲಿ ಇಳಿಯಬೇಕಾಗಿತ್ತು. ನೆಲದ ಮೇಲೆ ಮಂಜು ಕವಿದಿತ್ತು. ಚಾಲಕರಿಬ್ಬರೂ ರಾಜಕೀಯ, ಹಳೆಯ ಕಾರುಗಳು ಮುಂತಾದ ವಿಷಯಗಳನ್ನು ಕುರಿತು ಹರಟುತ್ತಿದ್ದರು. ಇಳಿಯುವಾಗ ಕೂಗಿ ಹೇಳಬೇಕಾಗಿದ್ದ ಎತ್ತರದ ಅಂಕಿಗಳನ್ನು ಅವರು ಹೇಳಲಿಲ್ಲ. ವಿಮಾನ ಓಡುದಾರಿಯನ್ನು ಮುಟ್ಟುವ ಮುನ್ನವೇ ನೆಲಕ್ಕೆ ಬಡಿಯಿತು. ಅದರಲ್ಲಿದ್ದ 82 ಮಂದಿಯಲ್ಲಿ 70ಕ್ಕೂ ಹೆಚ್ಚು ಜನ ಮಡಿದರು.

ಈ ಚಾಲಕರು ಅನನುಭವಿಗಳಾಗಿರಲಿಲ್ಲ. ಮೊದಲನೆಯವರು ಕರ್ತವ್ಯವನ್ನೇ ಮಾಡುತ್ತಿದ್ದರು. ಎರಡನೆಯವರದು ಸ್ನೇಹದ ಮಾತುಕತೆ. ಎರಡೂ ತಮ್ಮಷ್ಟಕ್ಕೆ ಅಪರಾಧಗಳಲ್ಲ. ಆದರೆ ಮನಸ್ಸೆಂಬುದು ಒಂದೇ ದೀಪವಿರುವ ಮನೆಯಂತೆ. ಬೆಳಕನ್ನು ಒಂದು ಕೋಣೆಗೆ ಒಯ್ದರೆ ಮತ್ತೊಂದರಲ್ಲಿ ಕತ್ತಲೆ ಕವಿಯುತ್ತದೆ. ಕಣ್ಣು ತೆರೆದಿದ್ದರೂ ಕಾಣದು. ಕಿವಿಗೆ ಬಿದ್ದರೂ ಕೇಳದು.

ಇಂತಹ ಅಪಘಾತಗಳಿಂದ ಪಾಠ ಕಲಿತ ಅಮೆರಿಕದ ವಿಮಾನಯಾನ ಆಡಳಿತವು 1981ರಲ್ಲಿ ಒಂದು ನಿಯಮವನ್ನು ಜಾರಿಗೆ ತಂದಿತು. ಪ್ರಯಾಣಿಕರ ವಿಮಾನ ಏರುವಾಗ ಮತ್ತು ಇಳಿಯುವಾಗ, 10,000 ಅಡಿಗಳ ಕೆಳಗೆ, ಚಾಲಕರು ಹಾರಾಟದ ಸುರಕ್ಷತೆಗೆ ಬೇಕಿಲ್ಲದ ಯಾವ ಕೆಲಸವನ್ನೂ ಮಾಡಕೂಡದು. ಹರಟೆಯಾಗಲಿ, ಊಟವಾಗಲಿ, ಅನಗತ್ಯ ಬರವಣಿಗೆಯಾಗಲಿ ಸಲ್ಲದು. ಆದರೆ ಇದು ಮೌನವ್ರತವಲ್ಲ. ಅಪಾಯವನ್ನು ಕಂಡವರು ಆಗಲೂ ಮಾತನಾಡಲೇಬೇಕು. ಬೇಡದ ಮಾತನ್ನು ತಡೆಯುವುದು ಬೇಕಾದ ಮಾತಿಗೆ ಎಡೆ ಮಾಡಿಕೊಡುವುದಕ್ಕಾಗಿ. ತೊಂದರೆ ಎದುರಾದಾಗ ಒಬ್ಬರು ಅದನ್ನು ಪರಿಹರಿಸಲಿ, ಮತ್ತೊಬ್ಬರು ವಿಮಾನದ ಮೇಲಿನ ಕಣ್ಣನ್ನು ಕೀಳದಿರಲಿ ಎಂಬುದನ್ನೂ ಚಾಲಕರಿಗೆ ಇಂದು ಕಲಿಸಲಾಗುತ್ತದೆ.

ತುಂಬಿದ ಕೊಡವನ್ನು ಕೆರೆಯಿಂದ ಜೋಪಾನವಾಗಿ ತಂದವರೂ ಮನೆಯ ಹೊಸ್ತಿಲಲ್ಲಿ ಎಡವುವುದುಂಟು. ಗುರಿ ಸಮೀಪಿಸಿತೆಂಬ ನೆಮ್ಮದಿಯೇ ಅಲ್ಲಿ ಶತ್ರುವಾಗುತ್ತದೆ. ಸಣ್ಣದೊಂದು ಚಿಂತೆ ನಮ್ಮನ್ನು ಸೆಳೆದಾಗ, "ಈಗ ನಾನು ಮರೆಯಬಾರದ ಕೆಲಸ ಯಾವುದು?" ಎಂದು ಕೇಳಿಕೊಳ್ಳುವವನೇ ನಿಜವಾದ ಎಚ್ಚರಗಾರ.