ಹೃದ್ರೋಗ ಮತ್ತು ರಕ್ತದಲ್ಲಿನ ಉರಿಯೂತದ ಕುರುಹು

ಹೃದ್ರೋಗವೆಂದೊಡನೆ ನಮ್ಮ ಗಮನ ಕೊಲೆಸ್ಟರಾಲಿನತ್ತ ಹರಿಯುತ್ತದೆ. ಅದು ಸಹಜವೇ, ಆದರೆ ಕೊಳವೆಯಲ್ಲಿ ಕಿಟ್ಟ ಕಟ್ಟಿದಂತೆ ಅಪಧಮನಿಯಲ್ಲಿ ಕೊಬ್ಬು ಸುಮ್ಮನೆ ಮೆತ್ತಿಕೊಳ್ಳುವುದಿಲ್ಲ. ಗೋಡೆಯೊಳಗೆ ಸೇರಿದ ಕೊಬ್ಬನ್ನು ಬಿಳಿಯ ರಕ್ತಕಣಗಳು ನುಂಗತೊಡಗಿ, ಅಲ್ಲಿ ಮಂದವಾದ ಉರಿಯೂತವೊಂದು ವರ್ಷಗಟ್ಟಲೆ ಬೇಯುತ್ತಿರುತ್ತದೆ. ಆ ಗಂಟಿನ ಹೊದಿಕೆ ಬಿರಿದರೆ ರಕ್ತ ಹೆಪ್ಪುಗಟ್ಟುತ್ತದೆ, ಹೃದಯಾಘಾತ ಸಂಭವಿಸುತ್ತದೆ.

ಈ ಒಳಬೇಗೆಯನ್ನು ಹೊರಗಿನಿಂದ ಅರಿಯುವ ಬಗೆ ಹೇಗೆ? 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಹೊಸ ವಸ್ತುವೊಂದನ್ನು ಕಂಡರು. ರೋಗಾಣುವಿನ 'ಸಿ' ಎಂಬ ಅಂಶದೊಡನೆ ಅದು ಕೂಡಿಕೊಳ್ಳುತ್ತಿದ್ದುದರಿಂದ ಅದಕ್ಕೆ ಸಿ-ರಿಯಾಕ್ಟಿವ್ ಪ್ರೋಟೀನ್ ಎಂದು ಹೆಸರಾಯಿತು. ದೇಹದಲ್ಲಿ ಎಲ್ಲಿಯೇ ಉರಿಯೂತವಾದರೂ ಯಕೃತ್ತು ಇದನ್ನು ಹೆಚ್ಚಾಗಿ ತಯಾರಿಸುತ್ತದೆ. 1997ರಲ್ಲಿ ಅಮೆರಿಕದ ಪಾಲ್ ರಿಡ್ಕರ್ ಮತ್ತು ಸಂಗಡಿಗರು ಆರೋಗ್ಯವಂತರಂತೆ ತೋರುತ್ತಿದ್ದ ಪುರುಷರನ್ನು ಈ ಪ್ರೋಟೀನಿನ ಪ್ರಮಾಣಕ್ಕನುಗುಣವಾಗಿ ನಾಲ್ಕು ಪಾಲು ಮಾಡಿ ನೋಡಿದರು. ಅತಿ ಹೆಚ್ಚಿದ್ದವರಿಗೆ ಹೃದಯಾಘಾತದ ಸಂಭವ ಅತಿ ಕಡಿಮೆ ಇದ್ದವರಿಗಿಂತ ಸುಮಾರು ಮೂರು ಪಟ್ಟಾಗಿತ್ತು.

2003ರಲ್ಲಿ ಅಮೆರಿಕದ ತಜ್ಞರು ಅಳತೆಗೋಲನ್ನು ನಿಗದಿಪಡಿಸಿದರು. ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಅಪಾಯ ಅಲ್ಪ, 3ನ್ನು ಮೀರಿದರೆ ಅಧಿಕ. 10ನ್ನೂ ದಾಟಿದರೆ ಜ್ವರ, ಕೀವು ಮೊದಲಾದ ಬೇರೆ ಕಾರಣಗಳನ್ನು ಹುಡುಕಿ, ಅವು ಶಮನವಾದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ರಯೋಗಾಲಯದ ಚೀಟಿ ಹಿಡಿದು ಅಂಜುವವರು ಈ ಕೊನೆಯ ಮಾತನ್ನು ಮರೆಯಬಾರದು.

ಬೆಟ್ಟದ ಮೇಲಿನ ಹೊಗೆ ಬೆಂಕಿಯ ಕುರುಹೇ ಹೊರತು ಕಾರಣವಲ್ಲವೆಂಬುದನ್ನು ತರ್ಕಶಾಸ್ತ್ರ ಬಲ್ಲವರಿಗೆ ಹೇಳಬೇಕಿಲ್ಲ. ಇಲ್ಲಿಯೂ ಅದೇ ಪ್ರಶ್ನೆ ಎದ್ದಿತು. 2011ರಲ್ಲಿ ಪ್ರಕಟವಾದ ದೊಡ್ಡ ಆನುವಂಶಿಕ ಅಧ್ಯಯನದಲ್ಲಿ, ಹುಟ್ಟಿನಿಂದಲೇ ಈ ಪ್ರೋಟೀನು ಹೆಚ್ಚಾಗಿರುವವರಿಗೆ ಅದರಿಂದಾಗಿ ಹೃದ್ರೋಗ ಹೆಚ್ಚಲಿಲ್ಲವೆಂದು ಕಂಡುಬಂತು. ಅಂದರೆ ಪ್ರೋಟೀನು ಹೊಗೆ ಮಾತ್ರ. ಬೆಂಕಿಯನ್ನೇ ತಗ್ಗಿಸಿದರೆ? 2017ರಲ್ಲಿ, ಹಿಂದೆ ಹೃದಯಾಘಾತಕ್ಕೊಳಗಾಗಿದ್ದ ಹತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ಪರೀಕ್ಷೆಯ ಫಲ ಹೊರಬಿತ್ತು. ಉರಿಯೂತವನ್ನು ಪ್ರಚೋದಿಸುವ ಇಂಟರ್‌ಲ್ಯೂಕಿನ್-1 ಬೀಟಾವನ್ನು ತಡೆಯುವ ಕನಾಕಿನುಮಾಬ್ ಎಂಬ ಔಷಧಿಯ 150 ಮಿಲಿಗ್ರಾಂ ಪ್ರಮಾಣದಿಂದ ಹೃದಯಾಘಾತ, ಪಾರ್ಶ್ವವಾಯು ಹಾಗೂ ಹೃದ್ರೋಗದ ಸಾವುಗಳು ಒಟ್ಟಾರೆ ಶೇ. 15ರಷ್ಟು ಇಳಿದವು, ಕೆಟ್ಟ ಕೊಲೆಸ್ಟರಾಲು ಇಳಿದಿರಲಿಲ್ಲ! ಆದರೆ ಮಾರಕ ಸೋಂಕುಗಳು ತುಸು ಹೆಚ್ಚಿದವು. ಉರಿಯೂತ ನಮ್ಮ ಕಾವಲುಗಾರನೂ ಹೌದಷ್ಟೆ.

ಇನ್ನು, ಕೀಲುವಾತಕ್ಕೆ ಬಳಸುತ್ತಿದ್ದ ಹಳೆಯ, ಅಗ್ಗದ ಕಾಲ್ಚಿಸಿನ್ 2020ರ ಪರೀಕ್ಷೆಯಲ್ಲಿ ದೀರ್ಘಕಾಲದ ಹೃದ್ರೋಗಿಗಳಿಗೆ ನೆರವಾಯಿತು. 2024ರಲ್ಲಿ, ಹೃದಯಾಘಾತವಾದ ಕೂಡಲೇ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಧೂಮಪಾನ ಮತ್ತು ಹೊಟ್ಟೆಯ ಬೊಜ್ಜು ಈ ಅಂಕಿಯನ್ನು ಏರಿಸುತ್ತವೆ. ತೂಕ ಇಳಿಸಿದರೆ ಅದೂ ಇಳಿಯುತ್ತದೆ. ಇದಕ್ಕೆ ಯಾವ ವೈದ್ಯರ ಚೀಟಿಯೂ ಬೇಕಿಲ್ಲ.