ರೋಟಾ ಲಸಿಕೆ: ಸಹಭಾಗಿತ್ವದ ಒಂದು ಪಾಠ

ಎಳೆಯ ಮಕ್ಕಳ ಪ್ರಾಣಕ್ಕೆ ಎರವಾಗುವ ಅತಿಸಾರದ ಮುಖ್ಯ ಕಾರಣಗಳಲ್ಲಿ ರೋಟಾ ವೈರಸ್ ಒಂದು. ವಾಂತಿಭೇದಿಯಿಂದ ಮಗುವಿನ ದೇಹದ ನೀರು ಮತ್ತು ಲವಣಗಳು ಬಹುಬೇಗ ನಷ್ಟವಾಗುತ್ತವೆ. ಈ ವೈರಸನ್ನು ನೇರವಾಗಿ ನಾಶಪಡಿಸುವ ಔಷಧ ಬಳಕೆಯಲ್ಲಿಲ್ಲ. ಆದುದರಿಂದಲೇ ಲಸಿಕೆ ಅಗತ್ಯವಾಯಿತು.

ಇಂತಹ ಲಸಿಕೆಯನ್ನು ರೂಪಿಸುವವರು ಯಾರು? ಸರ್ಕಾರಿ ಸಂಶೋಧನಾಲಯಗಳಲ್ಲಿ ವಿಜ್ಞಾನಿಗಳಿದ್ದಾರೆ. ಕೋಟ್ಯಂತರ ಡೋಸುಗಳನ್ನು ತಯಾರಿಸುವ ವ್ಯವಸ್ಥೆ ಇಲ್ಲ. ಖಾಸಗಿ ಕಂಪನಿಗಳಿಗೆ ಕಾರ್ಖಾನೆಗಳಿವೆ. ಆದರೆ ಅಗ್ಗವಾಗಿ ಮಾರಬೇಕಾದ ಲಸಿಕೆಗೆ, ಫಲದ ಖಚಿತತೆ ಇಲ್ಲದೆ ಬಂಡವಾಳ ಹೂಡಲು ಅವು ಹಿಂಜರಿಯುತ್ತವೆ. ಈ ಕಂದಕಕ್ಕೆ ಸೇತುವೆಯೇ ಸಹಭಾಗಿತ್ವ.

ಕೆಲಸದ ಹಂಚಿಕೆ

1980ರ ದಶಕದ ಮಧ್ಯಭಾಗದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಡಾ. ಎಂ.ಕೆ. ಭಾನ್ ಮತ್ತು ಸಂಗಡಿಗರು, ಸೋಂಕು ತಗುಲಿಯೂ ರೋಗಲಕ್ಷಣ ತೋರದ ನವಜಾತ ಶಿಶುಗಳಲ್ಲಿ 116ಇ ಎಂಬ ವೈರಸ್ ತಳಿಯನ್ನು ಗುರುತಿಸಿದರು. ಬೆಂಗಳೂರಿನ ಶಿಶುಗಳಲ್ಲಿಯೂ ಇಂತಹುದೇ ಒಂದು ತಳಿ ದೊರೆಯಿತು. ಪರೀಕ್ಷೆಗಳಲ್ಲಿ ದೆಹಲಿಯ ತಳಿ ಹೆಚ್ಚು ಭರವಸೆ ಮೂಡಿಸಿತು.

ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ವಿದೇಶಿ ಸಂಸ್ಥೆಗಳೂ ನೆರವಿತ್ತವು. ಹೈದರಾಬಾದಿನ ಭಾರತ್ ಬಯೋಟೆಕ್ ಕಂಪನಿ ತಯಾರಿಕೆಯ ಹೊಣೆ ಹೊತ್ತು, ಡೋಸಿಗೆ ಒಂದು ಡಾಲರಿನಂತೆ ಸರ್ಕಾರಕ್ಕೆ ಒದಗಿಸುವುದಾಗಿ ಮಾತು ಕೊಟ್ಟಿತು. 2011ರಲ್ಲಿ ದೆಹಲಿ, ಪುಣೆ ಮತ್ತು ವೆಲ್ಲೂರುಗಳಲ್ಲಿ ಆರಂಭವಾದ ಅಂತಿಮ ಹಂತದ ಪ್ರಯೋಗದಲ್ಲಿ ಸುಮಾರು 6,800 ಶಿಶುಗಳು ಪಾಲ್ಗೊಂಡವು. ರೋಟಾ ವೈರಸಿನ ತೀವ್ರ ಅತಿಸಾರವು ಜೀವನದ ಮೊದಲ ವರ್ಷದಲ್ಲಿ ಶೇಕಡಾ 56ರಷ್ಟು ತಗ್ಗಿದುದು ಕಂಡುಬಂದಿತು. 2015ರಲ್ಲಿ ಲಸಿಕೆ ಬಿಡುಗಡೆಯಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾದ ರೋಟಾ ಲಸಿಕಾ ಕಾರ್ಯಕ್ರಮ 2019ರ ವೇಳೆಗೆ ದೇಶವ್ಯಾಪಿಯಾಯಿತು.

ಕಲಿಯಬೇಕಾದುದು

ತಳಿ ದೊರೆತಂದಿನಿಂದ ಲಸಿಕೆ ಬರುವವರೆಗೆ ಸುಮಾರು 30 ವರ್ಷಗಳು ಸಂದವು. ಸುರಕ್ಷತೆಯ ಪರೀಕ್ಷೆಗೆ ಬೇಕಾದ ಕಾಲವನ್ನು ಮೊಟಕುಗೊಳಿಸುವಂತಿಲ್ಲ. ಆದರೆ ಒಂದು ಹಂತ ಮುಗಿದ ಬಳಿಕ ಹಣಕ್ಕಾಗಿ, ತಯಾರಕರಿಗಾಗಿ, ಕೊಳ್ಳುವವರಿಗಾಗಿ ಕಾಯುವ ಕಾಲವನ್ನು ಉಳಿಸಬಹುದು. ಸಹಭಾಗಿತ್ವದ ನಿಜವಾದ ಲಾಭ ಇದೇ. ಸಾರ್ವಜನಿಕರ ಹಣ ತೊಡಗಿರುವಲ್ಲಿ ಬೆಲೆಯ ಕರಾರು ಮೊದಲೇ ಆಗಬೇಕು, ಫಲಿತಾಂಶಗಳು ಬಹಿರಂಗವಾಗಬೇಕು, ತಂದೆತಾಯಿಗಳ ತಿಳಿವಳಿಕೆಯುಳ್ಳ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಪ್ರಯೋಗಕ್ಕೆ ಒಳಪಡಿಸಬಾರದು.

ಬಾಯಿಯ ಮೂಲಕ ನೀಡುವ ಈ ಲಸಿಕೆ 6, 10 ಮತ್ತು 14 ವಾರಗಳ ವಯಸ್ಸಿನಲ್ಲಿ ಸರ್ಕಾರಿ ಲಸಿಕಾ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಇದು ಎಲ್ಲ ಬಗೆಯ ಅತಿಸಾರವನ್ನೂ ತಡೆಯಲಾರದು. ಆದ್ದರಿಂದ ಲಸಿಕೆ ಹಾಕಿಸಿದ ಮೇಲೂ ಶುದ್ಧ ನೀರು, ಎದೆಹಾಲು ಮತ್ತು ಓಆರ್‌ಎಸ್ ದ್ರಾವಣವನ್ನು ಮರೆಯಬಾರದು.