ಆಠವಣ, ಸಾಠವಣ ಮತ್ತು ಗಣಕದ ‘ಮೆಮೊರಿ’

ಅಕ್ಕಲಕೋಟೆ ತಾಲ್ಲೂಕಿನಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಕಿರುಪ್ರಬಂಧಕ್ಕಾಗಿ ತನ್ನೂರಿನ ಹಿರಿಯ ಹೆಣ್ಣುಮಕ್ಕಳಿಂದ ಬೀಸುವ ಪದಗಳನ್ನು ಧ್ವನಿಮುದ್ರಿಸಿಕೊಂಡಿದ್ದನು. ಮನೆಯ ಗಣಕದ ಪರದೆಯ ಮೇಲೆ ‘ಲೋ ಮೆಮೊರಿ’ ಎಂಬ ಸೂಚನೆ ಪದೇ ಪದೇ ಮೂಡತೊಡಗಿತು. ಜಾಗ ಮಾಡುವೆನೆಂದು ಆ ಫೋಲ್ಡರನ್ನೇ ಅಳಿಸಿ, ರಿಸೈಕಲ್ ಬಿನ್ನನ್ನೂ ಬರಿದು ಮಾಡಿದನು. ಮರುದಿನವೂ ಸೂಚನೆ ಬಂದಿತು. ಹಾಡಿದವರಲ್ಲಿ ಒಬ್ಬ ಅಜ್ಜಿ ಈಗಿಲ್ಲ.

ತಪ್ಪು ಅವನದೆನ್ನುವುದಕ್ಕಿಂತ ಆ ಶಬ್ದದ್ದು. ಮೊಬೈಲಿನಲ್ಲಿ ‘ಮೆಮೊರಿ ಫುಲ್’ ಎಂದರೆ ಚಿತ್ರಗಳನ್ನು ಅಳಿಸಬೇಕೆಂದೇ ನಾವೆಲ್ಲ ತಿಳಿದಿದ್ದೇವೆ. ಗಡಿನಾಡಿನವರಾದ ನಮಗೆ ಇಲ್ಲಿ ಮರಾಠಿ ನೆರವಾಗುತ್ತದೆ: ‘ಆಠವಣ’ವೆಂದರೆ ನೆನಪು, ‘ಸಾಠವಣ’ವೆಂದರೆ ಸಂಗ್ರಹ. ರ‍್ಯಾಮ್ ಆಠವಣ, ಹಾರ್ಡ್ ಡಿಸ್ಕ್ ಸಾಠವಣ. ಹಗೇವಿನಲ್ಲಿ ಎಷ್ಟೇ ಜೋಳವಿರಲಿ, ಬೀಸುವಾಗ ಪಕ್ಕದಲ್ಲಿರುವುದು ಮೊರದಲ್ಲಿ ಹಿಡಿಯುವಷ್ಟೇ. ಹಗೇವನ್ನು ಬರಿದು ಮಾಡಿದರೆ ಮೊರ ದೊಡ್ಡದಾಗದು. ಸಂಗ್ರಹ ತುಂಬಿದಾಗ ವಿಂಡೋಸ್ ‘ಲೋ ಡಿಸ್ಕ್ ಸ್ಪೇಸ್’ ಎಂದು ಬೇರೆಯೇ ಸೂಚನೆ ಕೊಡುತ್ತದೆ.

ಸೂಚನೆ ಬಂದೊಡನೆ ಮಾಡುತ್ತಿರುವ ಬರಹವನ್ನು ಸೇವ್ ಮಾಡಬೇಕು. ರ‍್ಯಾಮಿನಲ್ಲಿ ಮಾತ್ರ ಇರುವುದು ವಿದ್ಯುತ್ ಹೋದರೆ ಉಳಿಯದು. ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರನ್ನು ತೆರೆದು, ‘ಮೆಮೊರಿ’ ಎಂಬ ತಲೆಬರಹವನ್ನು ಒತ್ತಿದರೆ ಹೆಚ್ಚು ನುಂಗಿದ ತಂತ್ರಾಂಶ ಮೇಲೆ ಬರುತ್ತದೆ. ಬಹುತೇಕ ಅದು ಹತ್ತಾರು ಟ್ಯಾಬುಗಳನ್ನು ತೆರೆದಿಟ್ಟ ಬ್ರೌಸರ್. ಸುಮ್ಮನಿದ್ದರೂ ಯಾವುದಾದರೊಂದು ತಂತ್ರಾಂಶದ ಅಂಕಿ ಏರುತ್ತಲೇ ಇದ್ದರೆ ಅದನ್ನು ಮುಚ್ಚಿ ಮತ್ತೆ ತೆರೆಯಬೇಕು. ಗಣಕದೊಡನೆ ತಾವೇ ಏಳುವ ಅನಗತ್ಯ ತಂತ್ರಾಂಶಗಳನ್ನು ‘ಸ್ಟಾರ್ಟ್‌ಅಪ್’ ಪಟ್ಟಿಯಲ್ಲಿ ತಡೆಯಬಹುದು.

ನಮ್ಮ ವಿಭಾಗದವರು ಅರಿಯಬೇಕಾದ ಲೆಕ್ಕವೊಂದಿದೆ. ಯುನಿಕೋಡಿನಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತಗಳು. ಯುಟಿಎಫ್-8ರಲ್ಲಿ ತಲಾ 3ರಂತೆ 15 ಬೈಟ್. ಆದರೆ 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಪುಟವು ತೆರೆದಾಗ ಸುಮಾರು 2.6 ಕೋಟಿ ಬೈಟ್ ಬೇಡುತ್ತದೆ. ಡಿಸ್ಕಿನಲ್ಲಿ ಕುಗ್ಗಿಸಿಟ್ಟ ಚಿತ್ರವು ರ‍್ಯಾಮಿನಲ್ಲಿ ಪೂರ್ಣವಾಗಿ ಬಿಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಇಂತಹ 50 ಪುಟಗಳನ್ನು ಒಮ್ಮೆಗೇ ತೆರೆದರೆ 130 ಕೋಟಿ. 4 ಜಿಬಿ ರ‍್ಯಾಮಿನ ಒಟ್ಟು ಅಳತೆಯೇ ಸುಮಾರು 430 ಕೋಟಿ! ಕಪ್ಪುಬಿಳುಪಿನ ಛಾಯೆಗಳಲ್ಲಿ ಸ್ಕ್ಯಾನ್ ಮಾಡಿದರೆ ಮೂರರಲ್ಲೊಂದು ಭಾಗ ಸಾಕು. ಹಳೆಯ ಗ್ರಂಥದ ಪುಟಕ್ಕೆ ಬಣ್ಣವೇಕೆ?

ಒಂದು ಸಂದರ್ಭದಲ್ಲಿ ಮಾತ್ರ ಸಾಠವಣಕ್ಕೂ ಈ ಸೂಚನೆಗೂ ನಂಟುಂಟು. ರ‍್ಯಾಮ್ ಸಾಲದಾದಾಗ ವಿಂಡೋಸ್ ಡಿಸ್ಕಿನ ಒಂದು ಭಾಗವನ್ನು ‘ಪೇಜಿಂಗ್ ಫೈಲ್’ ಆಗಿ ಬಳಸುತ್ತದೆ. ಸಿ ಡ್ರೈವ್ ತುಂಬಿದ್ದರೆ ಅದು ಬೆಳೆಯಲಾರದು. ಆಗಲೂ ಸಂಗ್ರಹವನ್ನು ಬೇರೆ ಡಿಸ್ಕಿಗೆ ಸಾಗಿಸಬೇಕೇ ಹೊರತು ಅಳಿಸಬಾರದು. ಪೇಜಿಂಗ್ ಫೈಲನ್ನು ನಿಲ್ಲಿಸಿದರೆ ಗಣಕ ಚುರುಕಾಗುವುದೆಂಬ ಸಲಹೆಯನ್ನು ನಂಬಬೇಡಿ. ಅದರ ಅಳತೆಯನ್ನು ವಿಂಡೋಸಿಗೇ ಬಿಡುವುದು ಲೇಸು.

ಇಷ್ಟಾದರೂ ಸೂಚನೆ ನಿಲ್ಲದಿದ್ದರೆ ರ‍್ಯಾಮ್ ಹೆಚ್ಚಿಸಬೇಕು. ಸೊಲ್ಲಾಪುರದ ಅಂಗಡಿಗೆ ಹೋಗುವ ಮುನ್ನ ಗಣಕದಲ್ಲಿ ಖಾಲಿ ಸ್ಲಾಟ್ ಇದೆಯೇ, ಬೇಕಾದುದು ಯಾವ ಬಗೆಯ ಡಿಡಿಆರ್ ಎಂಬುದನ್ನು ತಿಳಿದುಕೊಳ್ಳಿರಿ. ಒಂದರ ಜಾಗದಲ್ಲಿ ಇನ್ನೊಂದು ಕೂಡದು. ಮನೆಬಳಕೆಯ 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚನ್ನು ಬಳಸದು.

ಆ ವಿದ್ಯಾರ್ಥಿಯ ಗಣಕವನ್ನು ನೋಡಿದೆವು. ಸ್ಕ್ಯಾನ್ ಮಾಡಿದ ಪುಟಗಳನ್ನೂ ಬ್ರೌಸರನ್ನೂ ಮುಚ್ಚಿದೊಡನೆ ಸೂಚನೆ ನಿಂತಿತು. ಗೆಳೆಯನಿಗೆ ಕಳುಹಿಸಿದ್ದ ಮೂರು ಪದಗಳು ಅವನ ಮೊಬೈಲಿನಲ್ಲಿ ಸಿಕ್ಕಿದವು. ಅಜ್ಜಿಯ ದನಿ ಅವುಗಳಲ್ಲಿರಲಿಲ್ಲ.